ಇನ್ನೂ ಕಟ್ಟದ ಕಟ್ಟಡದ ನೆರಳು

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಬಸ್ ನಿಲ್ದಾಣದ ಎದುರಿಗೆ ಒಂದು ಖಾಲಿ ನಿವೇಶನ, ಅದರ ಸುತ್ತ ತಗಡಿನ ಬೇಲಿ. ಬೇಲಿಯ ಮುಂದೆ ಒಬ್ಬ ಹೆಂಗಸು ಮೊಣಕಾಲೂರಿ ಡಾಂಬರು ರಸ್ತೆಯ ಮೇಲೆ ಬಿಳಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ. ಅಳತೆ ಪಟ್ಟಿಯ ಒಂದು ತುದಿಯನ್ನು ಬೇಲಿಯ ಬುಡದಲ್ಲಿ ಇಟ್ಟಿಗೆಯಿಂದ ಒತ್ತಿಟ್ಟಿದ್ದಾರೆ. ಇನ್ನೊಂದು ತುದಿ ಅವರ ಕೈಯಲ್ಲಿದೆ. ಹದಿನೆಂಟು ಮೀಟರು, ಹತ್ತೊಂಬತ್ತು, ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ. ಅಲ್ಲಿ ಒಂದು ಗುರುತು ಹಾಕುತ್ತಾರೆ. ಸೂರ್ಯ ಹುಟ್ಟಿಲ್ಲ, ಕಟ್ಟಡವೂ ಹುಟ್ಟಿಲ್ಲ. ಆದರೂ ಅವರು ಎಳೆಯುತ್ತಿರುವುದು ಆ ಕಟ್ಟಡದ ನೆರಳನ್ನು.

ಹಾಲಿನವನೊಬ್ಬ ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಕೊಟ್ಟು ನೋಡುತ್ತಾನೆ. "ಏನ್ ನೋಟಿಸಕ್ಕ, ಬೆಳ್ಬೆಳಗ್ಗೇನೇ ಕುಂಟೆಬಿಲ್ಲೆ?"

"ಹೂಂ, ನೀನೂ ಬಾ. ಹೆಂಗೂ ಒಂಟಿ ಕಾಲಲ್ಲೇ ನಿಂತಿದೀಯ" ಎನ್ನುತ್ತಾರೆ ಇವರು ತಲೆಯೆತ್ತದೆ. "ಇಲ್ಲಿ ಏಳು ಅಂತಸ್ತು ಬಂದ್ರೆ, ನೀನ್ ನಿಂತಿರೋ ಜಾಗಕ್ಕೆ ಬೇಸಿಗೇಲಿ ಮಧ್ಯಾಹ್ನ ಮೂರಕ್ಕೆ ಬಿಸಿಲಿರಲ್ಲ. ಒಳ್ಳೇದೋ ಕೆಟ್ಟದ್ದೋ ನೀನೇ ಯೋಚಿಸು. ಮೂವತ್ತು ದಿನ ಟೈಮಿದೆ."

ಹಾಲಿನವನು ಗೆರೆ ನೋಡುತ್ತಾನೆ, ಬೇಲಿ ನೋಡುತ್ತಾನೆ, ಆಮೇಲೆ ಕತ್ತೆತ್ತಿ ಬೇಲಿಯ ಮೇಲಿನ ಬರಿಯ ಆಕಾಶ ನೋಡುತ್ತಾನೆ. ಅಲ್ಲಿ ಏನೂ ಇಲ್ಲ. ಆದರೂ ಏಳು ಅಂತಸ್ತನ್ನು ಎಣಿಸುವವನಂತೆ ಅವನ ಗದ್ದ ಮೇಲೇರುತ್ತ ಹೋಗುತ್ತದೆ. ನೋಟಿಸಕ್ಕನಿಗೆ ಬೇಕಾದದ್ದು ಇಷ್ಟೇ. "ಜನ ಮೇಲೆ ನೋಡ್ಬೇಕು. ಕಾಗದ ಓದಿದ್ರೆ ಕೆಳಗೆ ನೋಡ್ತಾರೆ."

ಅವರ ಕೆಲಸವನ್ನು ಕಚೇರಿಯ ಭಾಷೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಊರಿನಲ್ಲಿ ಯಾರಾದರೂ ದೊಡ್ಡ ಕಟ್ಟಡ ಕಟ್ಟಲು, ರಸ್ತೆ ಅಗಲಿಸಲು, ಮನೆಯನ್ನು ಗೋದಾಮು ಮಾಡಲು ಅರ್ಜಿ ಹಾಕಿದರೆ, ನಗರ ಯೋಜನಾ ಕಚೇರಿ ಆ ವಿಷಯವನ್ನು ಸುತ್ತಮುತ್ತಲಿನವರಿಗೆ ತಿಳಿಸಬೇಕು. ಮೂವತ್ತು ದಿನ ಅವರ ಅಭಿಪ್ರಾಯ ಪಡೆಯಬೇಕು. ತಿಳಿಸುವ ಕೈ ಇವರದು. ಇಪ್ಪತ್ತಮೂರು ವರ್ಷದಿಂದ ಗೋಡೆಗೆ ನೋಟಿಸು ಹಚ್ಚುತ್ತಿದ್ದಾರೆ, ನೂರು ಮೀಟರ್ ಸುತ್ತಿನ ಮನೆಮನೆಗೆ ಚೀಟಿ ಹಂಚುತ್ತಿದ್ದಾರೆ, ಅಭಿಪ್ರಾಯದ ಪೆಟ್ಟಿಗೆಯನ್ನು ಕಾಯುತ್ತಿದ್ದಾರೆ. ಮೊದಲ ಒಂಬತ್ತು ವರ್ಷ ಹಂಗಾಮಿ, ಆಮೇಲೆ ಕಾಯಂ. ಈಗ ವಯಸ್ಸು ಐವತ್ತಮೂರು. ಅವರ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಅವರು ನೋಟಿಸಕ್ಕ.

ತಿಂಗಳಿಗೆ ಸರಾಸರಿ ಹದಿನಾಲ್ಕು ಪ್ರಸ್ತಾವ. ಒಂದೊಂದಕ್ಕೂ ಗೋಡೆಯ ಮೇಲೆ ಮೂರು ನೋಟಿಸು, ಅರವತ್ತರ ಆಸುಪಾಸು ಮನೆಗಳು. ದಿನಕ್ಕೆ ಏಳು ಕಿಲೋಮೀಟರ್ ನಡಿಗೆ. ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಕೈಯಲ್ಲಿ ಮೈದಾ ಅಂಟಿನ ಬಕೆಟ್ಟು. ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ, ಇಲ್ಲದಿದ್ದರೆ ಬೀದಿ ದನಗಳು ಎರಡೇ ದಿನದಲ್ಲಿ ನೋಟಿಸು ತಿಂದುಬಿಡುತ್ತವೆ. "ಕಹಿ ಅಂತ ಈಗ ಮೂಸಿ ಬಿಟ್ಬಿಡ್ತವೆ. ಮುಂಚೆ ಪೂರ್ತಿ ಓದಿ ಮುಗಿಸ್ತಿದ್ದಿದ್ದು ಅವೊಂದೇ" ಎಂದು ನಗುತ್ತಾರೆ. ನಾಯಿ ಎರಡು ಸಲ ಕಚ್ಚಿದೆ. ಹಚ್ಚಿದ ನೋಟಿಸನ್ನು ಅವರ ಕಣ್ಣೆದುರೇ ಹರಿದವರಿದ್ದಾರೆ. ಹಾಗೆ ಹರಿದಾಗ ಇವರು ಜಗಳಕ್ಕೆ ನಿಲ್ಲುವುದಿಲ್ಲ, ಚೀಲದಿಂದ ಇನ್ನೊಂದು ತೆಗೆದು ಅದೇ ಜಾಗಕ್ಕೆ ಹಚ್ಚುತ್ತಾರೆ. ಒಮ್ಮೆ ಒಂದೇ ಗೋಡೆಗೆ ಹನ್ನೊಂದು ಸಲ ಹಚ್ಚಿದ್ದಾರಂತೆ. ಹರಿಯುವವನಿಗೇ ಸಾಕಾಯಿತು.

ಎಲ್ಲಿ ಹಚ್ಚಬೇಕು ಎಂಬುದಕ್ಕೂ ಅವರದೇ ಲೆಕ್ಕವಿದೆ. ನಿವೇಶನದ ಗೇಟಿಗೆ ಹಚ್ಚುವುದು ವಾಡಿಕೆ. ಆದರೆ ಗೇಟಿನ ಮುಂದೆ ಜನ ನಡೆದು ಹೋಗುತ್ತಾರೆ, ನಿಲ್ಲುವುದಿಲ್ಲ. ಆದ್ದರಿಂದ ಒಂದು ಪ್ರತಿ ಗೇಟಿಗೆ, ಉಳಿದ ಎರಡು ಜನ ಕಾಯುವ ಕಡೆ. ಬಸ್ ನಿಲ್ದಾಣದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಒಂದು, ನೀರಿನ ನಲ್ಲಿಯ ಹತ್ತಿರ ನಿಂತವರ ಕಣ್ಣಿನ ಮಟ್ಟಕ್ಕೆ ಇನ್ನೊಂದು. ಕೊಡ ತುಂಬಲು ಒಂದೂವರೆ ನಿಮಿಷ ಹಿಡಿಯುತ್ತದೆ, ನೋಟಿಸು ಓದಲು ಒಂದು ನಿಮಿಷ ಸಾಕು.

ಇಷ್ಟೆಲ್ಲ ಮಾಡಿದರೂ ಬಹಳ ವರ್ಷ ಪೆಟ್ಟಿಗೆಗೆ ಬೀಳುತ್ತಿದ್ದದ್ದು ಒಂದೋ ಎರಡೋ ಕಾಗದ. ಜನರಿಗೆ ಆಸಕ್ತಿಯಿಲ್ಲ ಎಂದು ಕಚೇರಿ ತೀರ್ಮಾನಿಸಿತ್ತು. ನೋಟಿಸಕ್ಕ ಹಾಗೆ ತೀರ್ಮಾನಿಸಲಿಲ್ಲ. "ನೆಲ ಪ್ಲಸ್ ಆರು, ಎತ್ತರ ಇಪ್ಪತ್ತೊಂದು ಮೀಟರ್ ಅಂತ ಬರ್ದಿರ್ತಾರೆ. ಇಪ್ಪತ್ತೊಂದು ಮೀಟರ್ ಅಂದ್ರೆ ಯಾರಿಗ್ ಗೊತ್ತು? ನಂಗೇ ಗೊತ್ತಿರ್ಲಿಲ್ಲ." ಹತ್ತು ವರ್ಷದ ಹಿಂದೆ ಒಂದು ಏಪ್ರಿಲ್ ಮಧ್ಯಾಹ್ನ ಅವರು ಒಂದು ಮೀಟರ್ ಉದ್ದದ ಪೊರಕೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆದರು. ಆ ಅಳತೆಯನ್ನು ಬರಲಿರುವ ಕಟ್ಟಡದ ಎತ್ತರದಿಂದ ಗುಣಿಸಿ ನೆಲದ ಮೇಲೆ ಗೀಟು ಎಳೆದರು. ಆ ಸಲ ಪೆಟ್ಟಿಗೆಯಲ್ಲಿ ಹದಿನೇಳು ಕಾಗದ.

ಆ ಮೊದಲ ಗೀಟಿನಲ್ಲೇ ಅವರ ದೊಡ್ಡ ತಪ್ಪೂ ಇತ್ತು. ಅಲ್ಲಿ ಪಕ್ಕದ ಮನೆಯಲ್ಲಿ ಮಂಡಿನೋವಿನ ಒಬ್ಬ ನಿವೃತ್ತ ಟೀಚರ್ ಇದ್ದರು. ಮಧ್ಯಾಹ್ನ ಅಂಗಳದಲ್ಲಿ ಬಿಸಿಲಿಗೆ ಕಾಲು ಚಾಚಿ ಕೂರುವುದೇ ಅವರ ಔಷಧ. ನೆರಳು ನಮ್ಮ ಅಂಗಳಕ್ಕೆ ಬರುತ್ತದಾ ಎಂದು ಅವರು ಕೇಳಿದರು. ಬರಲ್ಲ, ನೋಡಿ, ಗೀಟು ಗೇಟಿನ ಆಚೆಗೇ ನಿಂತಿದೆ ಎಂದರು ಇವರು. ಟೀಚರ್ ಏನೂ ಬರೆದುಕೊಡಲಿಲ್ಲ. ಕಟ್ಟಡ ಎದ್ದಿತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉದ್ದವಾಯಿತು, ದಿಕ್ಕನ್ನೂ ಬದಲಿಸಿತು, ಅಂಗಳವನ್ನು ಪೂರ್ತಿ ನುಂಗಿತು. ಟೀಚರ್ ಇವರನ್ನು ಕರೆಸಿ ಬೈಯಲಿಲ್ಲ. "ನಿನ್ನ ಗೀಟು ಅಲ್ಲಿದೆ, ನೆರಳು ಇಲ್ಲಿದೆ. ಏಪ್ರಿಲ್ ನೆರಳು ಅಳ್ದು ಡಿಸೆಂಬರ್‌ಗೂ ಅದನ್ನೇ ಹೇಳ್ಬಿಟ್ಯಲ್ಲಮ್ಮ" ಎಂದರಷ್ಟೆ.

"ಬೈದಿದ್ರೆ ಮರ್ತುಬಿಡ್ತಿದ್ದೆ" ಎನ್ನುತ್ತಾರೆ ನೋಟಿಸಕ್ಕ.

ಮುಂದಿನ ಒಂದು ವರ್ಷ ಅವರು ಕಚೇರಿಯ ತಾರಸಿಯ ಮೇಲೆ ಅದೇ ಕಡ್ಡಿ ನಿಲ್ಲಿಸಿ, ಪ್ರತಿ ತಿಂಗಳ ಒಂದನೆಯ ಮತ್ತು ಹದಿನೈದನೆಯ ತಾರೀಕು ಮೂರು ಹೊತ್ತು ನೆರಳು ಅಳೆದರು. ಇಪ್ಪತ್ತನಾಲ್ಕು ದಿನ, ಎಪ್ಪತ್ತೆರಡು ಅಳತೆ. ರಟ್ಟು ಹರಿದ ಆ ನೋಟುಬುಕ್ಕು, ಅವರ ಬಗ್ಗೆ ಬರೆಯಲು ಬಂದ ನನ್ನ ಮುಂದಿದೆ. ಒಂಬತ್ತು ಕಡೆ "ಮೋಡ" ಎಂದು ಬರೆದು, ಪಕ್ಕದಲ್ಲಿ ಬಿಸಿಲು ಬಂದ ಮರುದಿನದ ಅಳತೆ ನಮೂದಿಸಿದ್ದಾರೆ. ಒಂದು ಕಡೆ ಸಣ್ಣ ಅಕ್ಷರದಲ್ಲಿ: "ನೆರಳು ತೀರ ಗಿಡ್ಡ ಆಗೋದು ಗಡಿಯಾರದ ಹನ್ನೆರಡಕ್ಕೆ ಅಲ್ಲ. ಆಮೇಲೆ." ಗಡಿಯಾರದ ಮಧ್ಯಾಹ್ನವೇ ಬೇರೆ, ಸೂರ್ಯನ ಮಧ್ಯಾಹ್ನವೇ ಬೇರೆ ಎಂಬುದನ್ನು ಕಾಲೇಜಿನಲ್ಲಿ ನಮಗೆ ಎರಡು ತರಗತಿ ತೆಗೆದುಕೊಂಡು ಹೇಳಿಕೊಟ್ಟಿದ್ದರು. ಹತ್ತನೇ ತರಗತಿ ಓದಿದ ಈ ಹೆಂಗಸು ಅದನ್ನು ಒಂದು ಪೊರಕೆ ಕಡ್ಡಿಯಿಂದ ಕಂಡುಕೊಂಡು, ಮೂರು ಗಂಟೆಯ ಅಳತೆಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಪಡಿಸಿಕೊಂಡಿದ್ದಾರೆ. ನಾನು ಸೂತ್ರ ಹಾಕಿ ಲೆಕ್ಕ ಮಾಡಿದೆ. ಡಿಸೆಂಬರ್ ಹದಿನೈದು, ಮಧ್ಯಾಹ್ನ ಮೂರು, ಒಂದು ಮೀಟರ್ ಕಡ್ಡಿ: ನನ್ನ ಲೆಕ್ಕದಲ್ಲಿ ನೆರಳು ನೂರ ಅರವತ್ತೆರಡು ಸೆಂಟಿಮೀಟರ್. ಅವರ ಪುಸ್ತಕದಲ್ಲಿ ನೂರ ಅರವತ್ತಮೂರು. ನಾನು ಇನ್ನೊಮ್ಮೆ ಲೆಕ್ಕ ಮಾಡಿದೆ, ತಪ್ಪು ನನ್ನದಿರಬಹುದೆಂದು.

ಅಂದಿನಿಂದ ಅವರು ಎರಡು ಗೆರೆ ಎಳೆಯುತ್ತಾರೆ. ಬೇಸಿಗೆಗೆ ಬಿಳಿ, ಚಳಿಗಾಲಕ್ಕೆ ನೀಲಿ. ಈಗ ಒಂದು ಪ್ರಸ್ತಾವಕ್ಕೆ ಬೀಳುವ ಕಾಗದ ಸರಾಸರಿ ಹತ್ತೊಂಬತ್ತು.

ಬಸ್ ನಿಲ್ದಾಣದ ಎದುರಿನ ಈ ಏಳು ಅಂತಸ್ತಿನ ಕಟ್ಟಡದ ವಿಷಯದಲ್ಲಿ ಅವರ ಬಿಳಿ ಗೆರೆ ರಸ್ತೆ ದಾಟಿ ಪೂರ್ವದ ನಿಲ್ದಾಣದ ಕಲ್ಲುಬೆಂಚಿನವರೆಗೆ ಹೋಗಿದೆ. ನೀಲಿ ಗೆರೆ ಈಶಾನ್ಯಕ್ಕೆ ತಿರುಗಿ, ಮೂವತ್ತನಾಲ್ಕು ಮೀಟರ್ ಓಡಿ, ಲಾಂಡ್ರಿಯೊಂದರ ಬಟ್ಟೆ ಒಣಹಾಕುವ ಅಂಗಳದ ಒಳಗೆ ಹೋಗಿ ನಿಂತಿದೆ. ಅಲ್ಲಿ ಒಂಬತ್ತು ಹಗ್ಗಗಳಿವೆ. ಆರು ಹಗ್ಗ ನೀಲಿ ಗೆರೆಯ ಒಳಗೆ.

ಆ ಅಂಗಳದಲ್ಲಿ ಹನ್ನೊಂದು ಹೆಂಗಸರು ದುಡಿಯುತ್ತಾರೆ. ಆಸ್ಪತ್ರೆಯ, ವಸತಿಗೃಹಗಳ ಬೆಡ್‌ಶೀಟುಗಳು ದಿನಕ್ಕೆ ನಾನೂರು, ಎರಡು ಸರದಿಯಲ್ಲಿ. ಎರಡನೆಯ ಸರದಿ ಹಗ್ಗ ಏರುವುದು ಮಧ್ಯಾಹ್ನ ಒಂದಕ್ಕೆ, ಇಳಿಯಬೇಕಾದ್ದು ಐದಕ್ಕೆ. ಚಳಿಗಾಲದಲ್ಲಿ ಎರಡೂವರೆಯಿಂದ ನೆರಳು ಬಿದ್ದರೆ ಆ ಸರದಿ ಒಣಗುವುದಿಲ್ಲ. ಸರದಿ ಒಂದಾದರೆ ಕೈಗಳೂ ಅರ್ಧ ಸಾಕು. ಹನ್ನೊಂದರಲ್ಲಿ ಐದೋ ಆರೋ ಜನರಿಗೆ ಕೆಲಸ ಹೋಗುತ್ತದೆ. ಮೊದಲು ಹೋಗುವುದು ಕೊನೆಗೆ ಸೇರಿದವರದು. ಕೊನೆಗೆ ಸೇರಿದವರಲ್ಲಿ ಒಬ್ಬರು ನೋಟಿಸಕ್ಕನ ತಂಗಿ.

ನೋಟಿಸು ಹಚ್ಚುವ ಮುಂಚೆಯೇ ಇವರು ಮೇಲಧಿಕಾರಿಗೆ ಬರೆದುಕೊಟ್ಟಿದ್ದರು: ತಂಗಿ ಅಲ್ಲಿ ಕೆಲಸಕ್ಕಿದ್ದಾಳೆ, ಬೇರೆಯವರನ್ನು ಕಳಿಸಿ. ಬೇರೆಯವರು ಇರಲಿಲ್ಲ. ನೀವೇ ಹೋಗಿ, ಯಾರಿಗೂ ಪರ ವಿರೋಧ ಹೇಳಬೇಡಿ ಎಂದು ಉತ್ತರ ಬಂತು. ನೋಟಿಸು ಹಚ್ಚುವವರು ಜನರನ್ನು ಪ್ರಭಾವಿಸಿದರು ಎಂದು ಸಾಬೀತಾದರೆ ಇಡೀ ಪ್ರಕಟಣೆ ರದ್ದು. ಬಂದ ಅಭಿಪ್ರಾಯಗಳೆಲ್ಲ ಕಸದ ಬುಟ್ಟಿಗೆ. ಅಂದರೆ ಅಕ್ಕ ಒಂದು ಮಾತು ಹೆಚ್ಚು ಆಡಿದರೆ, ಹನ್ನೊಂದು ಜನರ ಮಾತೂ ನೆಲಕ್ಕೆ ಬೀಳುತ್ತದೆ.

ಅಂಗಳದಲ್ಲಿ ನೀಲಿ ಗೆರೆ ಎಳೆಯುವಾಗ ಸೀಮೆಸುಣ್ಣ ಮುಗಿಯುತ್ತದೆ. ಹೆಂಗಸರು ಬಟ್ಟೆಗೆ ಹಾಕುವ ನೀಲಿ ಪುಡಿ ತಂದುಕೊಡುತ್ತಾರೆ. ಇವರು ಒಂದು ಚಿಟಿಕೆಯನ್ನೂ ಮುಟ್ಟದೆ ಅಂಗಡಿಗೆ ನಡೆದು ಹೋಗಿ ಸೀಮೆಸುಣ್ಣ ತರುತ್ತಾರೆ. ಅವರು ಕೊಟ್ಟ ಟೀಯನ್ನೂ ಕುಡಿಯುವುದಿಲ್ಲ. ಬಿಲ್ಡರ್ ಕಡೆಯವರ ಟೀಯನ್ನೂ ಕುಡಿದಿಲ್ಲವಂತೆ. ಒದ್ದೆ ಬೆಡ್‌ಶೀಟನ್ನು ಎರಡು ಕೈಯಲ್ಲಿ ಒದರುತ್ತ ತಂಗಿ ಇದನ್ನೆಲ್ಲ ನೋಡುತ್ತಾರೆ. ವಿರೋಧ ಬರೆದುಕೊಡಿ ಎಂದು ಅಕ್ಕ ಒಂದೇ ಒಂದು ಸಲ ಎಲ್ಲರಿಗೂ ಹೇಳಿದರೆ ಸಾಕು ಎಂಬುದು ತಂಗಿಯ ಬೇಡಿಕೆ. ನೀನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಡುತ್ತೇನೆ, ಏನು ಹೇಳಬೇಕೆಂದು ಹೇಳಿಕೊಡುವುದಿಲ್ಲ ಎಂಬುದು ಅಕ್ಕನ ಉತ್ತರ.

"ಅಡ್ಡಗೋಡೆ ಮೇಲೆ ದೀಪ ಇಡೋದೇ ನಿನ್ ಉದ್ಯೋಗ" ಎನ್ನುತ್ತಾರೆ ತಂಗಿ.

"ಎರಡೂ ಕಡೆ ಬೆಳಕು ಬೀಳ್ಲಿ ಅಂತಾನೇ ಕಣೇ ಅಲ್ಲಿಡೋದು."

ತಂಗಿ ಬೆಡ್‌ಶೀಟನ್ನು ಹಗ್ಗಕ್ಕೆ ಎಸೆದು ಅದರ ಆಚೆಗೆ ಹೋಗಿ ನಿಲ್ಲುತ್ತಾರೆ. ಇಬ್ಬರ ನಡುವೆ ಬಿಳಿ ಬಟ್ಟೆಯೊಂದು ನೀರು ತೊಟ್ಟಿಕ್ಕಿಸುತ್ತದೆ.

ಈ ಮುನಿಸಿನ ಬೇರು ಹಳೆಯದು. ತಾಯಿ ಹಾಸಿಗೆ ಹಿಡಿದಾಗ ದೊಡ್ಡವಳಿಗೆ ಹದಿನಾರು, ಚಿಕ್ಕವಳಿಗೆ ಒಂಬತ್ತು. ದೊಡ್ಡವಳ ಪರೀಕ್ಷೆ ಹತ್ತಿರವಿತ್ತು. ಮನೆಗೆಲಸಕ್ಕೆ ಚಿಕ್ಕವಳನ್ನು ಶಾಲೆ ಬಿಡಿಸಿದರು. ಅಕ್ಕನ ಹತ್ತನೇ ತರಗತಿ ಮುಗಿಯಲೆಂದು ತಂಗಿಯ ಮೂರನೇ ತರಗತಿ ನಿಂತಿತು. ತಂಗಿಗೆ ಇಂದಿಗೂ ಬರೆಯಲು ಬರುವುದು ತನ್ನ ಹೆಸರು ಮಾತ್ರ. ಅಭಿಪ್ರಾಯದ ಕಾಗದವನ್ನು ಅವರು ಲಾಂಡ್ರಿಯ ಮೇಸ್ತ್ರಿಯಿಂದ ಬರೆಸುತ್ತಾರೆ, ಅಕ್ಕನಿಂದಲ್ಲ. ಎಲ್ಲರಿಗೂ ಮೇಸ್ತ್ರಿ ಒಂದೇ ಒಕ್ಕಣೆ ಬರೆದಿದ್ದಾನೆ: "ಕಟ್ಟಡ ಬೇಡ." ಕೆಳಗೆ ಹೆಸರು, ಹೆಬ್ಬೆಟ್ಟು.

ಹನ್ನೆರಡನೆಯ ದಿನ ಬಿಲ್ಡರ್ ಕಡೆಯ ಮ್ಯಾನೇಜರ್ ಕಾರಿನಿಂದ ಇಳಿದು ನೀಲಿ ಗೆರೆಯ ಮೇಲೆ ನಿಲ್ಲುತ್ತಾರೆ. ನೆತ್ತಿಯ ಮೇಲೆ ಬೇಸಿಗೆಯ ಸೂರ್ಯ. ಇಲ್ಲಿ ನೆರಳೆಲ್ಲಿದೆ ತೋರಿಸಿ, ಇಲ್ಲದ ನೆರಳಿಗೆ ಗೀಟು ಹಾಕಿ ಜನರನ್ನು ಹೆದರಿಸುತ್ತೀರಾ ಎಂದು ಕೇಳುತ್ತಾರೆ.

"ಕಟ್ಟಡಾನೂ ಇವತ್ತಿಲ್ವಲ್ಲ ಸಾರ್" ಎನ್ನುತ್ತಾರೆ ನೋಟಿಸಕ್ಕ.

ಮ್ಯಾನೇಜರ್ ದೂರು ಬರೆದುಕೊಡುತ್ತಾರೆ. ನೋಟಿಸು ಹಚ್ಚಿದವಳ ತಂಗಿ ಆ ಅಂಗಳದಲ್ಲೇ ಇದ್ದಾಳೆ, ನೀಲಿ ಗೆರೆ ಪಕ್ಷಪಾತದ ಗೆರೆ, ಪ್ರಕಟಣೆ ರದ್ದಾಗಬೇಕು. ಅದರ ತೀರ್ಮಾನ ಅಹವಾಲು ಸಭೆಯ ದಿನ ಎಂದು ಮೇಲಧಿಕಾರಿ ಹೇಳುತ್ತಾರೆ. ಉಳಿದ ಹದಿನೆಂಟು ದಿನ ಇವರು ಬೆಳಗ್ಗೆ ಬಂದು ಚಕ್ರಗಳು ಅಳಿಸಿದ ಬಿಳಿ ಗೆರೆಯನ್ನೂ ನೀರು ಅಳಿಸಿದ ನೀಲಿ ಗೆರೆಯನ್ನೂ ತಿದ್ದುತ್ತಾರೆ. ಎರಡಕ್ಕೂ ಅದೇ ಅಳತೆ ಪಟ್ಟಿ, ಅದೇ ಇಟ್ಟಿಗೆ.

ಬಸ್ ನಿಲ್ದಾಣದ ಬೆಂಚಿನ ಪಕ್ಕ ಚಪ್ಪಲಿ ರಿಪೇರಿಯ ಅಜ್ಜ ಕೂರುತ್ತಾರೆ. ಅವರ ಕೊಡೆಯಲ್ಲಿ ಬಟ್ಟೆಗಿಂತ ತೂತು ಹೆಚ್ಚು. ಇಪ್ಪತ್ತಾರನೆಯ ದಿನ ಅವರು ಬಿಳಿ ಗೆರೆಯನ್ನು ದಬ್ಬಳದಿಂದ ತೋರಿಸಿ, ಇದು ನನ್ನ ತಲೆಯ ಮೇಲೆ ಬರುತ್ತದಾ ಎಂದು ಕೇಳುತ್ತಾರೆ. ಬೇಸಿಗೆಯಲ್ಲಿ ಮೂರರಿಂದ ಬರುತ್ತದೆ ಎನ್ನುತ್ತಾರೆ ಇವರು. ಹಾಗಾದರೆ ನನ್ನದೂ ಒಂದು ಬರೆ ಎನ್ನುತ್ತಾರೆ ಅಜ್ಜ. ನೋಟಿಸಕ್ಕ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಾರೆ. "ಕಟ್ಟಡ ಬರ್ಲಿ. ಮೂವತ್ತು ವರ್ಷದಿಂದ ಬಿಸಿಲಲ್ಲಿ ಕೂತಿದೀನಿ. ನನ್ನ ತಲೆ ಮೇಲೆ ಯಾರೂ ಒಂದ್ ಚಪ್ಪರ ಹಾಕ್ಲಿಲ್ಲ. ಇವರು ಹಾಕ್ತಾರಂತೆ, ಹಾಕ್ಲಿ." ಬರೆದದ್ದನ್ನು ಓದಿ ಹೇಳುತ್ತಾರೆ. ಅಜ್ಜ ಹೆಬ್ಬೆಟ್ಟು ಒತ್ತುತ್ತಾರೆ. ಆ ಕಾಗದ ತಂಗಿಯ ಕೆಲಸ ತಿನ್ನಬಹುದಾದ ಕಾಗದ. ಅದನ್ನು ನಾಲ್ಕಾಗಿ ಮಡಚಿ, ಪೆಟ್ಟಿಗೆಗೆ ಹಾಕುತ್ತಾರೆ.

ಸಭೆಯ ಕೋಣೆಯಲ್ಲಿ ಇಪ್ಪತ್ತು ಕುರ್ಚಿ, ಅರವತ್ತು ಜನ. ಬಂದ ಅಭಿಪ್ರಾಯ ಎಪ್ಪತ್ತೊಂದು, ಅದರಲ್ಲಿ ಪರವಾಗಿ ಒಂದು. ಮ್ಯಾನೇಜರ್ ಎದ್ದು ಮೊದಲು ಕೈಗೆತ್ತಿಕೊಳ್ಳುವುದು ಆ ಒಂದನ್ನೇ. ಇಡೀ ಬೀದಿಯನ್ನು ಎತ್ತಿಕಟ್ಟಿದರೂ ಒಬ್ಬ ಬಡವ ಧೈರ್ಯವಾಗಿ ಸತ್ಯ ಹೇಳಿದ್ದಾನೆ ಎಂದು ಅಜ್ಜನ ಕಾಗದವನ್ನು ಗಟ್ಟಿಯಾಗಿ ಓದುತ್ತಾರೆ. ಲಾಂಡ್ರಿಯ ಹೆಂಗಸರು ಗುಜುಗುಜು ಎನ್ನುತ್ತಾರೆ. ಅಧಿಕಾರಿ ಕಾಗದವನ್ನು ಕೈಗೆ ತೆಗೆದುಕೊಂಡು, ಹೆಬ್ಬೆಟ್ಟಿನ ಅಜ್ಜನಿಗೆ ಇದನ್ನು ಬರೆದುಕೊಟ್ಟವರು ಯಾರು ಎಂದು ಕೇಳುತ್ತಾರೆ.

ಹಿಂದಿನ ಗೋಡೆಗೆ ಒರಗಿದ್ದ ನೋಟಿಸಕ್ಕ ಮುಂದೆ ಬರುತ್ತಾರೆ. "ಅಕ್ಷರ ನಂದು ಸಾರ್. ಮಾತು ಅವರದು."

ಮ್ಯಾನೇಜರ್ ಕೈಯಲ್ಲಿ ಇನ್ನೊಂದು ಕಾಗದವಿದೆ, ಪಕ್ಷಪಾತದ ದೂರಿನ ಪ್ರತಿ. ತಾವೇ ಸತ್ಯವೆಂದು ಹೊಗಳಿದ ಕಾಗದವೂ ಅದೇ ಕೈಯದೆಂದು ತಿಳಿದು, ಅವರು ಅದನ್ನು ಓದದೆ ಮಡಚಿ ಕೂರುತ್ತಾರೆ. ಅಧಿಕಾರಿ ಅಜ್ಜನ ಕಾಗದವನ್ನೂ ತಮ್ಮ ಬಳಿಯಿದ್ದ ದೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ, ನೆರಳಿನ ನೋಟುಬುಕ್ಕು ತರಿಸುತ್ತಾರೆ. ಕಚೇರಿಯ ಎಂಜಿನಿಯರ್ ಕ್ಯಾಲ್ಕುಲೇಟರ್ ಹಿಡಿದು ಇಪ್ಪತ್ತು ನಿಮಿಷ ಕೂರುತ್ತಾರೆ. ಕೊನೆಗೆ ನೀಲಿ ಗೆರೆ ಸರಿಯಾಗಿದೆ ಎನ್ನುತ್ತಾರೆ. ಒಂದು ಗೇಣು ಆಚೀಚೆ ಇರಬಹುದು, ಅಷ್ಟೇ.

ಹತ್ತು ದಿನಕ್ಕೆ ಆದೇಶ ಬರುತ್ತದೆ. ಪ್ರಕಟಣೆ ಸಿಂಧು. ಅಂಗಳದ ಕಡೆಯ ಭಾಗದಲ್ಲಿ ಮೇಲಿನ ಮೂರು ಅಂತಸ್ತು ಕೈಬಿಡಬೇಕು. ಹಾಗೆ ಮಾಡಿದರೆ ಚಳಿಗಾಲದ ಮೂರು ಗಂಟೆಯ ನೆರಳು ಮೊದಲ ಹಗ್ಗವನ್ನು ಮುಟ್ಟುತ್ತದೆ, ದಾಟುವುದಿಲ್ಲ. ರಸ್ತೆಯ ಕಡೆಯ ಎತ್ತರ ಇದ್ದ ಹಾಗೇ ಇರಬಹುದು. ಬದಲಾದ ನಕ್ಷೆಗೆ ಮತ್ತೆ ಹೊಸ ನೋಟಿಸು, ಮತ್ತೆ ಮೂವತ್ತು ದಿನ.

ಸಭೆ ಮುಗಿದ ದಿನ ಕಚೇರಿಯ ಮೆಟ್ಟಿಲ ಮೇಲೆ ತಂಗಿ ಅಕ್ಕನಿಗಾಗಿ ಕಾದಿದ್ದರು.

"ಅಜ್ಜಂದು ನಿಜವಾಗ್ಲೂ ನೀನೇ ಬರ್ದಿದ್ದಾ?"

"ಹೂಂ."

"ನನ್ ಕೆಲ್ಸ ಹೋಗತ್ತೆ ಅಂತ ಗೊತ್ತಿದ್ದೂ, ಒಂದ್ ಮಾತೂ ಆಚೆ ಈಚೆ ಮಾಡ್ಲಿಲ್ಲ?"

"ಇಲ್ಲ."

ತಂಗಿ ಎರಡು ಮೆಟ್ಟಿಲು ಇಳಿದು ತಿರುಗಿ ನಿಂತರು. ಆಮೇಲೆ, "ಹಂಗಾದ್ರೆ ಇನ್ನೊಂದ್ ಸಲ ನೋಟಿಸ್ ಬಂದ್ರೆ ನಂದೂ ನೀನೇ ಬರಿ. ಆ ಮೇಸ್ತ್ರಿ ನಾನ್ ಹೇಳಿದ್ ಅರ್ಧಾನೂ ಬರೀಲಿಲ್ಲ" ಎಂದರು.

ಹೊಸ ನೋಟಿಸು ಹಚ್ಚಿದ ನಾಲ್ಕನೆಯ ದಿನ, ಊಟದ ಬಿಡುವಿನಲ್ಲಿ, ಅಂಗಳದ ಕಲ್ಲುಹಾಸಿನ ಮೇಲೆ ಇಬ್ಬರೂ ಕೂತಿದ್ದಾರೆ. ತಂಗಿ ಹೇಳುತ್ತಾರೆ, ಅಕ್ಕ ಬರೆಯುತ್ತಾರೆ. ಹಗ್ಗದ ಮೇಲೆ ಬೆಡ್‌ಶೀಟು ಎಷ್ಟು ಹೊತ್ತಿಗೆ ಹಗುರಾಗುತ್ತದೆ, ಒಣಗಿದ್ದು ಗಾಳಿಗೆ ಹೇಗೆ ಸದ್ದು ಮಾಡುತ್ತದೆ, ಒದ್ದೆಯದು ಹೇಗೆ ಮಾಡುತ್ತದೆ, ಮೋಡದ ದಿನ ಕೈ ಎಷ್ಟು ನೋಯುತ್ತದೆ. ಮೂರಂತಸ್ತು ಇಳಿಸಿದ್ದಕ್ಕೆ ಒಪ್ಪಿಗೆ, ಆದರೆ ಮೊದಲ ಹಗ್ಗದ ವಿಷಯ ಮರೆಯಬೇಡಿ ಎನ್ನುತ್ತಾರೆ. ಮಧ್ಯೆ ಎರಡು ಸಲ ಅಳುತ್ತಾರೆ, ಒಂದು ಸಲ ಮ್ಯಾನೇಜರನ್ನು ಬೈಯುತ್ತಾರೆ. ಒಂದೂವರೆ ಪುಟವಾಗುತ್ತದೆ. ಅಕ್ಕ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಾರೆ. ತಂಗಿ ತಮಗೆ ಗೊತ್ತಿರುವ ನಾಲ್ಕಕ್ಷರದ ಹೆಸರನ್ನು ಕೆಳಗೆ ನಿಧಾನವಾಗಿ ಬರೆಯುತ್ತಾರೆ.

ಕಾಗದ ಪೆಟ್ಟಿಗೆಗೆ ಬಿದ್ದ ಮೇಲೆ, ಬೈದದ್ದನ್ನೂ ಬರೆದಿರಾ ಎಂದು ನೋಟಿಸಕ್ಕನನ್ನು ಕೇಳಿದೆ.

"ಬರ್ದೆ" ಎಂದರು. "ನಲವತ್ತಾರು ವರ್ಷಕ್ಕೆ ಅವಳು ಮೊದಲ್ನೇ ಸಲ ಬಾಯ್ಬಿಟ್ಟು ಅರ್ಜಿ ಹಾಕಿರೋದು. ಒಂದಕ್ಷರಾನೂ ತಿದ್ಲಿಲ್ಲ. ತಿದ್ದೋಣ ಅಂತ ಕೈ ತುರಿಸ್ತಿತ್ತು."